ತಿಂಗಳ ಚಂದಾ ವಸೂಲಿ: ಯುಪಿಐ ಆಟೋಪೇ, ಕಾರ್ಡ್, ಇ-ನ್ಯಾಚ್, ವರ್ಷದ ಮುಂಗಡ – ಸಣ್ಣ ಸಾಸ್‌ಗೆ ಯಾವುದು ಹೊಂದುತ್ತದೆ?

ಟ್ಯೂಷನ್ ಸೆಂಟರ್, ಕ್ಲಿನಿಕ್, ಜಿಮ್‌ಗಳಿಗೆ ತಿಂಗಳಿಗೆ ಸಾವಿರ ರೂಪಾಯಿ ಆಸುಪಾಸಿನ ಚಂದಾಕ್ಕೆ ಆನ್‌ಲೈನ್ ಸಾಫ್ಟ್‌ವೇರ್ (ಸಾಸ್) ಮಾರುವವರು ಯುಪಿಐ ಆಟೋಪೇ, ಅಂದರೆ ಒಮ್ಮೆ ಒಪ್ಪಿಗೆ ಕೊಟ್ಟರೆ ಯುಪಿಐನಿಂದ ತಾನಾಗಿ ಹಣ ಕಡಿತವಾಗುವ ಏರ್ಪಾಡು, ಹಿಡಿಯುವುದೇ ಸರಿ. ನಾಲ್ಕೂ ದಾರಿ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಆದರೆ ಅದರಲ್ಲೊಂದು ಕೊಕ್ಕೆ ಇದೆ. ಮೊದಲ ದಿನವೇ ಅದನ್ನು ನೋಡಿಕೊಳ್ಳದಿದ್ದರೆ ಮುಂದೆ ಬೆಲೆ ಏರಿಸುವುದೇ ಕಷ್ಟವಾಗುತ್ತದೆ.

ಲೆಕ್ಕಕ್ಕೆ 999 ರೂ. ಪ್ಲ್ಯಾನ್ ಹಿಡಿಯೋಣ. ಶೇ. 18 ಜಿಎಸ್‌ಟಿ ಸೇರಿದರೆ 1,178.82 ರೂ. ಕೆಲವು ಗೇಟ್‌ವೇಗಳು (ನಮ್ಮ ಪರವಾಗಿ ಆನ್‌ಲೈನ್ ಪಾವತಿ ಪಡೆದುಕೊಡುವ ಕಂಪನಿಗಳು) ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ, ಕೆಲವು ರೂಪಾಯಿಯಲ್ಲಿ. ಪೈಸೆ ಕೇಳುವ ಕಡೆ 117882 ಎಂದು ಕಳಿಸಬೇಕು; 1179 ಎಂದು ಕಳಿಸಿದರೆ ಕಡಿತವಾಗುವುದು 11.79 ರೂ. ಮಾತ್ರ. ಗೇಟ್‌ವೇ ಶುಲ್ಕ ಶೇ. 2 ಇದ್ದರೆ 23.58 ರೂ., ಅದರ ಮೇಲಿನ ಜಿಎಸ್‌ಟಿ 4.24 ರೂ. ಈ 4.24 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತೆ, ವಾಪಸ್ ಸಿಗುತ್ತದೆ, ಬಿಡಬೇಡಿ.

ಮೊದಲು ಕಾರ್ಡ್. 2021ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮ ಜಾರಿಯಾದ ಮೇಲೆ, ಭಾರತದ ಬ್ಯಾಂಕುಗಳ ಕಾರ್ಡ್‌ನಿಂದ ತಿಂಗಳು ತಿಂಗಳು ಸದ್ದಿಲ್ಲದೆ ಹಣ ತೆಗೆಯುವ ಕಾಲ ಮುಗಿಯಿತು. ಮ್ಯಾಂಡೇಟ್ (ಮುಂದಿನ ಕಡಿತಗಳಿಗೆ ಗ್ರಾಹಕರು ಮೊದಲೇ ಕೊಡುವ ಒಪ್ಪಿಗೆ) ನೋಂದಣಿಗೆ ಒಟಿಪಿ ಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ಕಾರ್ಡ್ ಅವಧಿ ಮುಗಿದಾಗಲೂ ಕಳೆದುಹೋದಾಗಲೂ ಮ್ಯಾಂಡೇಟ್ ಮುರಿಯುವ ಭಯ. ಸಣ್ಣ ಊರಿನ ಕ್ಲಿನಿಕ್ ಮಾಲೀಕರು ಕಾರ್ಡ್ ಸಂಖ್ಯೆ ಟೈಪ್ ಮಾಡುವುದಕ್ಕಿಂತ ಯುಪಿಐ ಪಿನ್ ಒತ್ತುವುದು ಬೇಗ. ಕಾರ್ಡ್ ನಿಜವಾಗಿ ಗೆಲ್ಲುವುದು ಒಂದೇ ಕಡೆ, ವಿದೇಶದ ಗ್ರಾಹಕರ ಹತ್ತಿರ. ಈ ಮ್ಯಾಂಡೇಟ್ ನಿಯಮ ಹೊರದೇಶದ ಬ್ಯಾಂಕ್ ಕೊಟ್ಟ ಕಾರ್ಡ್‌ಗಳಿಗೆ ಅನ್ವಯಿಸುವುದಿಲ್ಲ. ಆ ವಹಿವಾಟಿಗೆ ಜಿಎಸ್‌ಟಿ ಕಟ್ಟದೆ ರಫ್ತು ಎಂದು ತೋರಿಸಲು ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ (ಜಿಎಸ್‌ಟಿ ಇಲಾಖೆಗೆ ಕೊಡುವ ಮುಚ್ಚಳಿಕೆ ಪತ್ರ) ಸಲ್ಲಿಸಿರಬೇಕು.

ಇನ್ನು ಆಟೋಪೇ. ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಇದನ್ನು 2020ರಲ್ಲಿ ತಂದಿತು. ಪಿನ್ ಕೇಳದೆ ಕಡಿತ ಮಾಡುವ ಮಿತಿ ನಮ್ಮಂಥ ಸೇವೆಗಳಿಗೆ 15,000 ರೂ. ಕಾರ್ಡ್‌ಗೂ ಅಷ್ಟೇ. ಈ ಮಿತಿಯೊಳಗೆ ಜಿಎಸ್‌ಟಿಯೂ ಸೇರಿದೆ ಎಂಬುದನ್ನು ಬೆಲೆ ನಿಗದಿ ಮಾಡುವಾಗಲೇ ನೆನಪಿಡಬೇಕು: ತೆರಿಗೆಗೆ ಮುಂಚಿನ ಬೆಲೆ 12,711 ರೂ. ದಾಟಬಾರದು. 999ರ ಪ್ಲ್ಯಾನನ್ನು ಹತ್ತು ತಿಂಗಳ ಬೆಲೆಗೆ ವರ್ಷಕ್ಕೆ ಕೊಟ್ಟರೆ 11,788.20 ರೂ., ಒಳಗೇ ಇದೆ. 1,499ರ ಪ್ಲ್ಯಾನನ್ನು ಹಾಗೆಯೇ ಕೊಟ್ಟರೆ 17,688.20 ರೂ. ಆಗುತ್ತದೆ, ಪ್ರತಿ ನವೀಕರಣಕ್ಕೂ ಗ್ರಾಹಕರೇ ಬಂದು ಒಪ್ಪಬೇಕು.

ಈಗ ಆ ಕೊಕ್ಕೆ. ಮ್ಯಾಂಡೇಟ್ ನೋಂದಾಯಿಸುವಾಗ ಒಂದು ಗರಿಷ್ಠ ಮೊತ್ತ ಬರೆಯಬೇಕು. ಅದನ್ನು ಸರಿಯಾಗಿ 1,178.82 ಎಂದೇ ಬರೆದರೆ ಗ್ರಾಹಕರಿಗೆ ಅನುಮಾನವೇ ಬರುವುದಿಲ್ಲ, ನೋಂದಣಿ ಸಲೀಸು. ಆರು ತಿಂಗಳ ನಂತರ ಅವರು ಎರಡನೇ ಶಾಖೆ ಸೇರಿಸಿಕೊಂಡಾಗ ಹೊಸ ಮೊತ್ತ ಮಿತಿ ಮೀರುತ್ತದೆ, ಕಡಿತ ವಿಫಲ. ಬೆಲೆ 999ರಿಂದ 1,199ಕ್ಕೆ ಏರಿಸಿದರೆ ಹಳೆಯ ಗ್ರಾಹಕರೆಲ್ಲರೂ ಹೊಸದಾಗಿ ಒಪ್ಪಿಗೆ ಕೊಡಬೇಕು. ಮರಳಿ ಒಪ್ಪಿಗೆ ಕೇಳಿದ ಕ್ಷಣದಲ್ಲೇ ‘ಇದು ಇನ್ನೂ ಬೇಕಾ?’ ಎಂಬ ಯೋಚನೆ ಅವರಿಗೆ ಬರುತ್ತದೆ. ಇಷ್ಟು ದಿನ ತಾನಾಗಿ ಸಾಗುತ್ತಿದ್ದ ಚಂದಾ ಬೆಲೆ ಏರಿಕೆಗಿಂತ ಹೆಚ್ಚಾಗಿ ಈ ಹೊಸ ಒಪ್ಪಿಗೆಯ ಹಂತದಲ್ಲೇ ಕೈತಪ್ಪುತ್ತದೆ.

ಹಾಗಂತ ಮಿತಿಯನ್ನು ನೇರ 15,000ಕ್ಕೆ ಇಟ್ಟರೆ, ಪಿನ್ ಒತ್ತುವ ಪರದೆಯಲ್ಲಿ ಆ ದೊಡ್ಡ ಅಂಕಿಯೇ ಕಣ್ಣಿಗೆ ರಾಚುತ್ತದೆ. ‘ಸಾವಿರ ಅಂದ್ರಿ, ಇಲ್ಲಿ ಹದಿನೈದು ಸಾವಿರ ತೋರಿಸ್ತಿದೆಯಲ್ಲ ಸರ್’ ಎಂದು ಫೋನ್ ಬರುವುದು ಖಚಿತ. ಫೋನ್ ಮಾಡದವರು ಅಲ್ಲಿಗೇ ಬಿಟ್ಟು ಹೋಗಿರುತ್ತಾರೆ.

ಕೆಲಸ ಮಾಡುವುದು ನಡುವಿನ ಅಂಕಿ. ಗ್ರಾಹಕರು ಎರಡು ವರ್ಷದಲ್ಲಿ ಹೆಚ್ಚೆಂದರೆ ಎಷ್ಟು ಕೊಡಬಹುದು ಎಂದು ಕೂಡಿಸಿ: ಏರಿದ ಬೆಲೆ 1,199, ಒಂದು ಹೆಚ್ಚುವರಿ ಶಾಖೆ 499, ಎಸ್ಸೆಮ್ಮೆಸ್ ಪ್ಯಾಕ್ 500. ಒಟ್ಟು 2,198, ಜಿಎಸ್‌ಟಿ ಸೇರಿ 2,593.64 ರೂ. ಮಿತಿ 3,000 ಇಟ್ಟರೆ ಸಾಕು. ಪಾವತಿ ಬಟನ್‌ನ ಮೇಲೆಯೇ, ಕನ್ನಡದಲ್ಲೇ ಬರೆಯಿರಿ: ‘ಪ್ರತಿ ತಿಂಗಳು ಕಡಿತವಾಗುವುದು 1,178.82 ರೂ. ಮುಂದಿನ ಪರದೆಯಲ್ಲಿ ಕಾಣುವ 3,000 ರೂ. ಮೇಲ್ಮಿತಿ ಮಾತ್ರ. ಪ್ಲ್ಯಾನ್ ಬದಲಿಸುವ ಮೊದಲು ನಿಮ್ಮನ್ನು ಕೇಳುತ್ತೇವೆ.’ ಬರೆದ ಮೇಲೆ ಆ ಮಾತಿನಂತೆ ನಡೆದುಕೊಳ್ಳಬೇಕು. ಮಿತಿಯೊಳಗಿದೆ ಎಂದು ಹೇಳದೆ ಕೇಳದೆ ಹೆಚ್ಚು ಕಡಿತ ಮಾಡುವುದು ಗ್ರಾಹಕರಿಗೆ ಮಾಡುವ ಮೋಸ.

ಮ್ಯಾಂಡೇಟ್ ನೋಂದಾಯಿಸುವಾಗ ಇದರ ಜೊತೆಗೇ ನೋಡಬೇಕಾದ ಇನ್ನೆರಡು ಆಯ್ಕೆಗಳಿವೆ. ಮೊತ್ತದ ನಿಯಮ ‘ನಿಖರ’ ಎಂದಿದ್ದರೆ ತೆರಿಗೆ ದರ ಬದಲಾದರೂ ಮ್ಯಾಂಡೇಟ್ ಕೆಲಸಕ್ಕೆ ಬಾರದು, ‘ಗರಿಷ್ಠ’ ಎಂದಿರಲಿ. ಆವರ್ತನ ‘ತಿಂಗಳಿಗೊಮ್ಮೆ’ ಎಂದಿದ್ದರೆ ತಿಂಗಳ ನಡುವೆ ದೊಡ್ಡ ಪ್ಲ್ಯಾನ್‌ಗೆ ಹೋದವರಿಂದ ವ್ಯತ್ಯಾಸದ ಹಣ ತೆಗೆಯಲಾಗದು. ‘ಆಸ್ ಪ್ರೆಸೆಂಟೆಡ್’ (ಬೇಕಾದಾಗ ಕಡಿತ) ಸಿಕ್ಕರೆ ಅದನ್ನೇ ಆರಿಸಿ. ಕೆಲವು ಗೇಟ್‌ವೇಗಳ ಸಿದ್ಧ ಚಂದಾ ಪುಟದಲ್ಲಿ ಇವು ತಾವಾಗಿಯೇ ತುಂಬಿಕೊಳ್ಳುತ್ತವೆ, ಬದಲಿಸಲು ಬಿಡುವುದಿಲ್ಲ. ಒಪ್ಪಂದಕ್ಕೆ ಮೊದಲು ಈ ಮೂರನ್ನೂ ಬರಹದಲ್ಲಿ ಕೇಳಿಕೊಳ್ಳಿ. ಶುಲ್ಕದಲ್ಲಿ ಕಾಲು ಪರ್ಸೆಂಟ್ ಚೌಕಾಸಿ ಮಾಡುವುದಕ್ಕಿಂತ ಇದು ಹೆಚ್ಚು ಬೆಲೆಯದ್ದು.

ಕಡಿತದ ದಿನ: ಟ್ಯೂಷನ್ ಸೆಂಟರ್‌ಗಳಿಗೆ ಮಕ್ಕಳ ಫೀಸು ಬರುವುದು ತಿಂಗಳ ಮೊದಲ ವಾರ, ಹಾಗಾಗಿ 8ರಿಂದ 10ನೇ ತಾರೀಖು ಒಳ್ಳೆಯದು. 1ನೇ ತಾರೀಖು ಇಟ್ಟರೆ ಬಾಡಿಗೆ, ಸಂಬಳಗಳ ಜೊತೆ ನಮ್ಮದೂ ಪೈಪೋಟಿಗೆ ಬೀಳುತ್ತದೆ. 2025ರ ಆಗಸ್ಟ್‌ನಿಂದ ಆಟೋಪೇ ಕಡಿತಗಳು ದಟ್ಟಣೆಯಿಲ್ಲದ ಹೊತ್ತಿನಲ್ಲಿ ಮಾತ್ರ: ಬೆಳಿಗ್ಗೆ 10ರ ಮೊದಲು, ಮಧ್ಯಾಹ್ನ 1ರಿಂದ 5, ರಾತ್ರಿ 9.30ರ ನಂತರ. ಒಂದು ಯತ್ನ, ಮೂರು ಮರುಯತ್ನ. ಆದ್ದರಿಂದ ಮೊದಲ ವೈಫಲ್ಯಕ್ಕೇ ಲಾಗಿನ್ ಮುಚ್ಚಬೇಡಿ. ಏಳು ದಿನ ಬಿಡಿ, ಮೂರನೇ ದಿನ ಒಂದು ಪಾವತಿ ಲಿಂಕ್ ಕಳಿಸಿ. ವೆಬ್‌ಹುಕ್ (ಪಾವತಿ ಏನಾಯಿತೆಂದು ಗೇಟ್‌ವೇ ನಮ್ಮ ಸರ್ವರ್‌ಗೆ ತಾನಾಗಿ ಕಳಿಸುವ ಸಂದೇಶ) ಎರಡೆರಡು ಸಲ ಬರುತ್ತದೆ, ಕ್ರಮ ತಪ್ಪಿಯೂ ಬರುತ್ತದೆ. ಪ್ರತಿ ಘಟನೆಯ ಗುರುತು ಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಯೂನಿಕ್ ಮಾಡದಿದ್ದರೆ ಒಂದೇ ಪಾವತಿಗೆ ಎರಡು ಜಿಎಸ್‌ಟಿ ಇನ್‌ವಾಯ್ಸ್ ಹುಟ್ಟುತ್ತದೆ, ಆಮೇಲೆ ಕ್ರೆಡಿಟ್ ನೋಟ್ ಬರೆಯುತ್ತಾ ಕೂರಬೇಕು.

ಇ-ನ್ಯಾಚ್, ಅಂದರೆ ಬ್ಯಾಂಕ್ ಖಾತೆಯಿಂದಲೇ ನೇರ ಕಡಿತ; ಇದಕ್ಕೆ 15,000ದ ಕಟ್ಟು ಇಲ್ಲ. ನೆಟ್‌ಬ್ಯಾಂಕಿಂಗ್ ಅಥವಾ ಡೆಬಿಟ್ ಕಾರ್ಡ್‌ನಿಂದ ನೋಂದಣಿ ಮಾಡಬಹುದು. ನನಗೆ ಒಗ್ಗದಿರುವುದು ಅದರ ಬೌನ್ಸ್. ಖಾತೆಯಲ್ಲಿ ಹಣ ಇಲ್ಲದಿದ್ದರೆ ಬ್ಯಾಂಕ್ ಗ್ರಾಹಕರಿಗೆ ದಂಡ ಹಾಕುತ್ತದೆ. ಸಾವಿರ ರೂಪಾಯಿಯ ಚಂದಾಕ್ಕೆ ಕೆಲವು ನೂರು ರೂಪಾಯಿ ದಂಡ ಬಿದ್ದರೆ ಸಿಟ್ಟು ಬ್ಯಾಂಕಿನ ಮೇಲಲ್ಲ, ನಮ್ಮ ಮೇಲೆ. ಚೆಕ್ ಬೌನ್ಸ್‌ನಂತೆ ಇದಕ್ಕೂ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ. ಸಾಲದ ಕಂತಿಗೆ ಹೇಳಿ ಮಾಡಿಸಿದ ದಾರಿ, ಸಣ್ಣ ಚಂದಾಕ್ಕಲ್ಲ.

ವರ್ಷದ ಮುಂಗಡ ನನ್ನ ಎರಡನೇ ಆಯ್ಕೆ. ವರ್ಷಕ್ಕೊಂದೇ ಇನ್‌ವಾಯ್ಸ್, ಒಂದೇ ಸಲ ಬೆನ್ನು ಹತ್ತುವುದು. ಆದರೆ ಸೇವೆಯ ಮುಂಗಡ ಕೈಗೆ ಬಂದಾಗಲೇ ಇಡೀ ಮೊತ್ತದ ಜಿಎಸ್‌ಟಿ ಕಟ್ಟಬೇಕು. 11,788.20 ಬಂದರೆ 1,798.20 ನಮ್ಮದಲ್ಲ, ಅದನ್ನು ಬೇರೆ ಖಾತೆಗೆ ಅಂದೇ ವರ್ಗಾಯಿಸುವುದು ಕ್ಷೇಮ. ದೊಡ್ಡ ಶಾಲೆ, ಆಸ್ಪತ್ರೆಗಳಿಗೆ ಮಾತ್ರ ಇದೇ ಸರಿ. ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕಾದವರಿಗೆ ಆಟೋಪೇ ಪೂರ್ತಿ ಮೊತ್ತ ಎಳೆದುಕೊಂಡರೆ ಲೆಕ್ಕ ಕೆಡುತ್ತದೆ. ಇಬ್ಬರ ಸಹಿ ಬೇಕಾದ ಖಾತೆಗಳಿಗೆ ಯುಪಿಐ ಕೂಡ ಒಗ್ಗುವುದಿಲ್ಲ. ಅವರಿಗೆ ಇನ್‌ವಾಯ್ಸ್ ಕೊಟ್ಟು ನೆಫ್ಟ್ ಮೂಲಕ ಪಡೆಯಿರಿ.

ವಸೂಲಿಗೆಂದು ಬೇರೆ ಆಳಿಲ್ಲದ, ತಿಂಗಳಿಗೆ ಒಂದು ಸಂಜೆ ಮಾತ್ರ ಲೆಕ್ಕಕ್ಕೆ ಕೂರುವ ನನ್ನ ರೂಢಿಗೆ ಆಟೋಪೇ ಬಿಟ್ಟರೆ ಬೇರೆ ಹೊಂದುವುದಿಲ್ಲ. ಮೊದಲ ಹತ್ತು ಹದಿನೈದು ಗ್ರಾಹಕರವರೆಗೆ ಅದೂ ಬೇಡ, ವಾಟ್ಸಾಪ್‌ನಲ್ಲಿ ಪಾವತಿ ಲಿಂಕ್ ಸಾಕು. ಸೂಚನೆ, ಮರುಯತ್ನ, ವೆಬ್‌ಹುಕ್‌ಗಳ ಕೋಡ್‌ಗೆ ಕೈಹಾಕುವುದು ಅದಾದ ಮೇಲೆ.