ಬೆನ್ನಿನ ಆಪರೇಷನ್‌ಗೆ ಯಾರು: ಮೂಳೆ ಸರ್ಜನ್ನಾ, ನರದ ಸರ್ಜನ್ನಾ?

ಮಂಡ್ಯದಿಂದ ಎಂಆರ್‌ಐ ಹಿಡಿದು ಮೈಸೂರಿಗೆ ಬರುವವರಿಗೆ ಈ ಗೊಂದಲ ಇದ್ದದ್ದೇ.

ಮೂಳೆ ಸರ್ಜನ್ ಎಂಬಿಬಿಎಸ್ ಆದಮೇಲೆ 3 ವರ್ಷ ಎಂಎಸ್ ಆರ್ಥೋ ಓದಿರುತ್ತಾರೆ. ಅದರಲ್ಲಿ ಮಂಡಿ, ಸೊಂಟ ಎಲ್ಲವೂ ಬರುತ್ತದೆ. ಹಾಗಾಗಿ ಬೆನ್ನುಮೂಳೆಯಲ್ಲೇ ಫೆಲೋಶಿಪ್ (ಹೆಚ್ಚುವರಿ ತರಬೇತಿ) ಮಾಡಿದ್ದಾರಾ ಅಂತ ಕೇಳಲೇಬೇಕು. ಬೆನ್ನು ಡೊಂಕಾಗಿದ್ದರೆ, ಸ್ಕ್ರೂ-ರಾಡ್ ಹಾಕಬೇಕಿದ್ದರೆ ನನ್ನ ಒಲವು ಇವರ ಕಡೆಗೇ.

ನರದ ಸರ್ಜನ್, ಅಂದರೆ ನ್ಯೂರೋಸರ್ಜನ್, ಸಾಮಾನ್ಯವಾಗಿ ಜನರಲ್ ಸರ್ಜರಿಯಲ್ಲಿ ಎಂಎಸ್ ಆದ ನಂತರ ಮತ್ತೆ 3 ವರ್ಷ ಎಂಸಿಎಚ್ (ನರದ ಸರ್ಜರಿಯ ಉನ್ನತ ಡಿಗ್ರಿ) ಮಾಡಿರುತ್ತಾರೆ. ಬೆನ್ನುಹುರಿಯ ಒಳಗಿನ ಗಡ್ಡೆಗೆ ಇವರೇ.

ಡಿಸ್ಕ್ ಜಾರಿದ್ದರೆ? ಇಬ್ಬರೂ ಮಾಡುತ್ತಾರೆ. ಅಲ್ಲಿ ಡಿಗ್ರಿಗಿಂತ ಕೈಪಳಗಿದ್ದೇ ಮುಖ್ಯ. ಈ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ಸಂಕೋಚವಿಲ್ಲದೆ ಕೇಳಿ. ಜಾಸ್ತಿ ಜನರಿಗೆ ಕೆಲವು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ನೋವು ಇಳಿಯುತ್ತದೆ, ಅದನ್ನು ಬಾಯಿಬಿಟ್ಟು ಹೇಳುವ ಡಾಕ್ಟರನ್ನೇ ನಾನು ನಂಬುತ್ತೇನೆ. ಆದರೆ ಮೂತ್ರ ಕಟ್ಟಿದರೆ, ಕಾಲಿನ ಬಲ ಹೋದರೆ ಆಯ್ಕೆ ಮಾಡುತ್ತಾ ಕೂರಬೇಡಿ. ತಕ್ಷಣ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ.