ತಂದೆಯ ಬಿಲ್ಲು ತರುವ ಪರೀಕ್ಷೆ: ಮಾರೋವಿಂಡ್ ಆಟದ ಒಂದು ಭಾಗ

ಮಾರೋವಿಂಡ್ 2002ರಲ್ಲಿ ಬಂದ ಕಂಪ್ಯೂಟರ್ ಆಟ. ಬೆಥೆಸ್ಡಾದವರ ಎಲ್ಡರ್ ಸ್ಕ್ರೋಲ್ಸ್ ಸರಣಿಯಲ್ಲಿ ಮೂರನೆಯದು. ಇಡೀ ಆಟದ ಬಗ್ಗೆ ಬರೆಯಲು ಕೂತರೆ ಮುಗಿಯುವುದಿಲ್ಲ. ನನಗೆ ಜೀವಕ್ಕಿಂತ ಹೆಚ್ಚು ಅನ್ನಿಸುವ ಒಂದು ಭಾಗ ಇದೆ. ಅದನ್ನಷ್ಟೇ ಹೇಳುತ್ತೇನೆ.

ಆಟ ನಡೆಯುವ ವಾರ್ಡನ್‌ಫೆಲ್ ದ್ವೀಪದ ನಡುವೆ ದೊಡ್ಡ ಜ್ವಾಲಾಮುಖಿ ಇದೆ. ಅದರ ಸುತ್ತ ಬೂದಿಯ ಬಯಲು. ಆ ಬಯಲಲ್ಲಿ ಡೇರೆ ಹಾಕಿಕೊಂಡು ಬದುಕುವವರು ಆಶ್‌ಲ್ಯಾಂಡರ್‌ಗಳು. ಅವರ ಉರ್ಶಿಲಾಕು ಬುಡಕಟ್ಟಿಗೆ ಸುಲ್-ಮಟೂಲ್ ಯಜಮಾನ. ಅವರ ಭವಿಷ್ಯವಾಣಿಯಲ್ಲಿ ಬರುವ ವೀರ ನೀನೇ ಇರಬಹುದು ಎಂದು ನಿಮ್ಮನ್ನು ಅಲ್ಲಿಗೆ ಕಳಿಸುತ್ತಾರೆ.

ಆದರೆ ಸುಮ್ನೆ ಹೋಗಿ ನಿಂತರೆ ಯಾರೂ ಮಾತಾಡಿಸುವುದಿಲ್ಲ. ಮೊದಲು ಆಲ್ಡ್‌ರೂನ್ ಊರಿನಲ್ಲಿ ಹಸೂರ್ ಜೈನ್‌ಸುಬಾನಿ ಎಂಬ ವ್ಯಾಪಾರಿಯನ್ನು ನೋಡಬೇಕು. ಅವನು ಹುಟ್ಟಿನಿಂದ ಆಶ್‌ಲ್ಯಾಂಡರ್. ಕಾಣಿಕೆ ಹೇಗೆ ಕೊಡಬೇಕು, ಸವಾಲು ಹಾಕಿದರೆ ಅದರ ಅರ್ಥ ಏನು ಎಂದೆಲ್ಲ ಅವನು ತಿಳಿಸಿಕೊಡುತ್ತಾನೆ. ನನಗೆ ಈ ಆಟ ಹಿಡಿಸಿದ್ದೇ ಇಲ್ಲಿ. ಒಂದು ಜನರ ಮನೆಗೆ ಹೋಗುವ ಮೊದಲು ಅವರ ರೀತಿ ಕಲಿತು ಹೋಗು ಅನ್ನುತ್ತದೆ. ಎಷ್ಟು ಆಟಗಳು ಹೀಗೆ ಕೇಳುತ್ತವೆ, ಹೇಳಿ?

ಶಿಬಿರದಲ್ಲಿ ಯಜಮಾನನ ಕೈಕೆಳಗಿನ ಮುಖಂಡ ಜಬಾಮಂಡ್‌ನ ಒಪ್ಪಿಗೆ ಪಡೆದ ಮೇಲೆ ಸುಲ್-ಮಟೂಲ್ ಪರೀಕ್ಷೆ ಇಡುತ್ತಾನೆ. ಬುಡಕಟ್ಟಿನ ಸಮಾಧಿ ಗುಹೆಗೆ ಹೋಗಬೇಕು. ಅವನ ತಂದೆ ಸುಲ್-ಸೆನಿಪುಲ್‌ನ ಬಿಲ್ಲು, ಬೋನ್‌ಬೈಟರ್, ಅಲ್ಲಿದೆ. ಅದನ್ನು ತರಬೇಕು. ಬಿಲ್ಲು ಇರುವುದು ಆ ತಂದೆಯ ಪ್ರೇತದ ಬಳಿಯಲ್ಲೇ! ಪರಕೀಯನೊಬ್ಬನನ್ನು ತನ್ನ ಅಪ್ಪನ ಪ್ರೇತದ ಮುಂದೆ ನಿಲ್ಲಿಸುವುದು ಮಗನಿಗೆ ಸಣ್ಣ ಮಾತೇ? ಅದಕ್ಕೇ ನನಗೆ ಅಲ್ಲಿ ಕತ್ತಿ ಎತ್ತುವಾಗ ಪ್ರತಿ ಸಲವೂ ಕೈ ತಡೆಯುತ್ತದೆ. ಕಳ್ಳತನದಂತೆ ಅನ್ನಿಸುವುದಿಲ್ಲ, ಆದರೆ ಹಗುರವಾಗಿಯೂ ಅನ್ನಿಸುವುದಿಲ್ಲ.

ನಕ್ಷೆಯ ಮೇಲೆ ಬಾಣದ ಗುರುತು ಬರುವುದಿಲ್ಲ. ದಾರಿ ಬಾಯಲ್ಲಿ ಹೇಳುತ್ತಾರೆ, ದಿನಚರಿಯಲ್ಲಿ ಬರೆದಿರುತ್ತದೆ. ಬೂದಿಯ ಬಿರುಗಾಳಿಯಲ್ಲಿ ಗುಡ್ಡ ನೋಡಿ ಗುರುತು ಹಿಡಿಯಬೇಕು. ಮಾತು ಬಹುಪಾಲು ಓದುವುದೇ, ಧ್ವನಿ ಕಡಿಮೆ. ಕನ್ನಡದಲ್ಲಿ ಸಿಗುವುದಿಲ್ಲ. ನನ್ನ ತಂಗಿಯ ಮಗ ಪಕ್ಕದಲ್ಲಿ ಕೂತರೆ ನಾನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಸುಲ್-ಮಟೂಲ್‌ಗೆ ಅವನು ‘ಗೌಡ್ರು’ ಎಂದೇ ಹೆಸರಿಟ್ಟಿದ್ದಾನೆ, ಚೆನ್ನಾಗಿ ಒಪ್ಪುತ್ತದೆ.

ಬಿಲ್ಲು ತಂದ ಮೇಲೆ ನಿಮ್ಮನ್ನು ಕುಲದ ಗೆಳೆಯ ಎಂದು ಸೇರಿಸಿಕೊಳ್ಳುತ್ತಾರೆ. ಆಮೇಲೆ ಕಣಿ ಹೇಳುವ ನಿಬಾನಿ ಮೇಸಾ ಬಳಿ ಹೋದರೆ, ಆ ವೀರ ನೀನಲ್ಲ, ಆದರೆ ಆಗಬಹುದು ಅನ್ನುತ್ತಾಳೆ. ಇಷ್ಟು ಕಷ್ಟಪಟ್ಟವರಿಗೆ ಇಂಥ ಉತ್ತರ ಕೊಡುವ ಧೈರ್ಯ ನನಗೆ ತುಂಬಾ ಇಷ್ಟ.

ಕುಂದು ಇಲ್ಲವೆಂದಲ್ಲ. ಶುರುವಿನಲ್ಲಿ ಕತ್ತಿ ಬೀಸಿದರೆ ಎಷ್ಟೋ ಸಲ ಎದುರಿಗಿದ್ದವನಿಗೆ ತಾಗುವುದೇ ಇಲ್ಲ. ಏಟು ತಾಗಬೇಕೋ ಬೇಡವೋ ಎಂದು ಒಳಗೆ ದಾಳದ ಲೆಕ್ಕ ನಡೆಯುತ್ತಿರುತ್ತದೆ. ಓಡಿ ದಣಿದಿದ್ದರೆ ಇನ್ನೂ ಕಷ್ಟ. ಹಾರಿ ಬಂದು ಕುಕ್ಕುವ ಕ್ಲಿಫ್ ರೇಸರ್‌ಗಳ ಕಾಟ ಜಾಸ್ತಿ. ಚಿತ್ರ ಹಳೆಯದಾಗಿ ಕಾಣುತ್ತದೆ. ಆಟ ಕೊಂಡ ಮೇಲೆ ಅದನ್ನು ನಡೆಸಲು ಉಚಿತವಾಗಿ ಸಿಗುವ ಓಪನ್‌ಎಂಡಬ್ಲ್ಯೂ ಎಂಬ ತಂತ್ರಾಂಶ ಹಾಕಿ ಆಡಿ. ಈಗಿನ ಕಂಪ್ಯೂಟರ್‌ಗಳಲ್ಲಿ ಚೆನ್ನಾಗಿ ನಡೆಯುತ್ತದೆ.

ಗುಹೆಗೆ ಹೋಗುವವರು ಬೆಳ್ಳಿಯ ಆಯುಧವನ್ನೋ ಮಂತ್ರದ ಆಯುಧವನ್ನೋ ಒಯ್ಯಿರಿ. ಪ್ರೇತಗಳಿಗೆ ಬರೀ ಕಬ್ಬಿಣ ತಾಗುವುದಿಲ್ಲ. ಬೋನ್‌ವಾಕರ್ ಎಂಬ ನಡೆದಾಡುವ ಹೆಣ ಶಾಪ ಹಾಕಿದರೆ ನಿಮ್ಮ ಶಕ್ತಿ ಕುಗ್ಗುತ್ತದೆ, ಹೊತ್ತ ಭಾರಕ್ಕೆ ಹೆಜ್ಜೆ ಕೀಳಲಾಗುವುದಿಲ್ಲ. ಚೀಲ ಹಗುರ ಇರಲಿ, ಶಕ್ತಿ ಮರಳಿಸುವ ಮದ್ದು ಜೊತೆಗಿರಲಿ.