ಕ್ರೂಸ್ ಸೂಟ್‌ನ ಖಾಸಗಿ ಲೌಂಜ್: ದಾವಣಗೆರೆ ಮನೆಮಂದಿಗೆ ಎಷ್ಟು ದಕ್ಕುತ್ತದೆ?

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಚನ್ನಗಿರಿ ಕಡೆಯವರು, ಮಕ್ಕಳ ಪರೀಕ್ಷೆ ಮುಗಿದ ಮೇಲೆ ದಾವಣಗೆರೆಯ ವ್ಯಾಪಾರಸ್ಥರು ಸಿಂಗಪುರದ ಕ್ರೂಸ್ ವಿಚಾರಿಸುವುದು ಈಗ ಹೊಸದಲ್ಲ. ಟ್ರಾವೆಲ್ ಏಜೆಂಟರು ಮೂರು ರೇಟು ಹೇಳುತ್ತಾರೆ: ಕಿಟಕಿ ಇಲ್ಲದ ಒಳಕೋಣೆ, ಬಾಲ್ಕನಿ ಇರುವ ಕೋಣೆ, ದೊಡ್ಡದಾದ ಸೂಟ್. ಮೂರನೆಯದಕ್ಕೆ ಬಂದಾಗ ದನಿ ತುಸು ತಗ್ಗುತ್ತದೆ: "ಸಾವ್ಕಾರ್ರೆ, ಇದಕ್ಕೆ ಪ್ರೈವೇಟ್ ಲೌಂಜ್ ಐತೆ, ಕನ್ಸಿಯರ್ಜ್ ಇರ್ತಾರೆ, ಎಲ್ಲಾ ಅವ್ರೇ ನೋಡ್ಕಂತಾರೆ." ಬಾಲ್ಕನಿಯ ದುಪ್ಪಟ್ಟು ರೇಟು ಕೇಳುವಾಗ ಈ "ಎಲ್ಲಾ" ಅಂದರೆ ಏನು ಎಂದು ಬಿಡಿಸಿ ನೋಡಲೇಬೇಕು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕುಡಿಯದ, ಸಸ್ಯಾಹಾರಿ ಮನೆಗೆ ಲೌಂಜ್‌ನಿಂದ, ಅಂದರೆ ಸೂಟ್‌ನವರಿಗೆ ಮೀಸಲಾದ ಕೂರುವ ಕೋಣೆಯಿಂದ, ಕೊಟ್ಟ ದುಡ್ಡು ಹುಟ್ಟುವುದಿಲ್ಲ. ಹುಟ್ಟಿದರೆ ಕನ್ಸಿಯರ್ಜ್‌ನಿಂದ, ಅಂದರೆ ಸೂಟ್‌ನವರ ಕೆಲಸ ಮಾಡಿಸಿಕೊಡುವ ಸಿಬ್ಬಂದಿಯಿಂದ, ಅದೂ ಅವರಿಗೆ ಕೆಲಸ ಹಚ್ಚುವುದು ಗೊತ್ತಿದ್ದರೆ.

ಮೊದಲ ಪೆಟ್ಟು "ಸೂಟ್" ಅನ್ನುವ ಪದದಲ್ಲೇ ಬೀಳುತ್ತದೆ. ಹೆಸರಲ್ಲಿ ಸೂಟ್ ಇದ್ದ ಮಾತ್ರಕ್ಕೆ ಲೌಂಜ್ ಬಾಗಿಲು ತೆರೆಯುವುದಿಲ್ಲ. ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿಯ ಓಯಸಿಸ್, ಕ್ವಾಂಟಮ್, ಐಕಾನ್ ವರ್ಗದ ಹಡಗುಗಳಲ್ಲಿ ಸೀ, ಸ್ಕೈ, ಸ್ಟಾರ್ ಎಂದು ಮೂರು ಮೆಟ್ಟಿಲಿವೆ. ಜೂನಿಯರ್ ಸೂಟ್ ಕೆಳಗಿನ ಸೀ ಮೆಟ್ಟಿಲಿನದು: ಕೋಣೆ ದೊಡ್ಡದು, ಸೂಟ್‌ನವರ ರೆಸ್ಟೋರೆಂಟಾದ ಕೋಸ್ಟಲ್ ಕಿಚನ್‌ನಲ್ಲಿ ಜಾಗ ಇದ್ದರೆ ರಾತ್ರಿ ಊಟ, ಅಷ್ಟೇ. ಲೌಂಜ್ ಇಲ್ಲ. ಸ್ಕೈಗೆ ಹತ್ತಿದರೆ ಲೌಂಜ್, ಕನ್ಸಿಯರ್ಜ್, ಇಂಟರ್ನೆಟ್, ಕೋಸ್ಟಲ್ ಕಿಚನ್‌ನಲ್ಲಿ ಮೂರು ಹೊತ್ತೂ ಪ್ರವೇಶ. ಸ್ಟಾರ್‌ಗೆ ಹೋದರೆ ರಾಯಲ್ ಜೀನಿ ಅನ್ನುವ ಸ್ವಂತ ಆಳು, ಪಾನೀಯದ ಪ್ಯಾಕೇಜು, ವಿಶೇಷ ರೆಸ್ಟೋರೆಂಟುಗಳು, ಟಿಪ್ಸ್ ಎಲ್ಲ ಸೇರಿದ್ದು. ರೇಟೂ ಹಾಗೇ ಗಗನಕ್ಕೆ. ಪ್ರಿನ್ಸೆಸ್ ಹಡಗುಗಳ ಮಿನಿ ಸೂಟ್ ಕೂಡ ಪೂರ್ತಿ ಸೂಟ್ ಅಲ್ಲ. ಆದ್ದರಿಂದ ಏಜೆಂಟರನ್ನು "ಸೂಟಾ?" ಎಂದು ಕೇಳಿ ಪ್ರಯೋಜನವಿಲ್ಲ. "ಲೌಂಜ್ ಪ್ರವೇಶ ಬುಕಿಂಗ್ ಚೀಟಿಯಲ್ಲಿ ಬರೆದಿದೆಯಾ?" ಎಂದು ಕೇಳಿ, ಕೋಣೆಯ ವರ್ಗದ ಕೋಡ್ ಬರೆಸಿಕೊಳ್ಳಿ.

ಉಳಿದ ಕಂಪನಿಗಳದ್ದು ಒಂದೊಂದು ಬಗೆ. ಎಂಎಸ್‌ಸಿಯ ಯಾಟ್ ಕ್ಲಬ್ ಎಂಬ ಸೂಟ್ ವಿಭಾಗ 2008ರಲ್ಲಿ ಫಾಂಟಾಸಿಯಾ ಹಡಗಿನೊಂದಿಗೆ ಶುರುವಾದದ್ದು. ಅದಕ್ಕೆ ಬೇರೆಯೇ ಲೌಂಜ್, ರೆಸ್ಟೋರೆಂಟ್, ಈಜುಕೊಳದ ಡೆಕ್. ದಿನದ 24 ಗಂಟೆಯೂ ಬಟ್ಲರ್ (ಕೋಣೆಯ ಪರಿಚಾರಕ). ನಾರ್ವೇಜಿಯನ್‌ನ ಹೇವನ್ ಕೂಡ ಇದೇ ಮಾದರಿ, ಆದರೆ ಪಾನೀಯದ ಪ್ಯಾಕೇಜು ಇಲ್ಲದಿದ್ದರೆ ಅಲ್ಲಿನ ಬಾರ್‌ನಲ್ಲಿ ಬಿಲ್ ಬೀಳುತ್ತದೆ. ಇದನ್ನು ತಿಳಿಯದೆ ಹೋದವರು ಕೊನೆಯ ದಿನ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಸೆಲೆಬ್ರಿಟಿಯದು ರಿಟ್ರೀಟ್, ಕ್ಯೂನಾರ್ಡ್‌ನದು ಗ್ರಿಲ್ಸ್, ಹಾಲಂಡ್ ಅಮೆರಿಕದ್ದು ನೆಪ್ಚೂನ್ ಲೌಂಜ್. ನಮ್ಮ ಕಡೆಯವರು ಹೆಚ್ಚು ಹತ್ತುವ ಜೆಂಟಿಂಗ್ ಡ್ರೀಮ್‌ನಲ್ಲಿ ಇದರ ಹೆಸರು ಪ್ಯಾಲೇಸ್: ಅದಕ್ಕೇ ಮೀಸಲಾದ ಊಟದ ಮನೆ, ಕೊಳ, ಜಿಮ್, ಬಟ್ಲರ್. ಮುಂಬೈಯಿಂದ ಹೊರಡುವ ಕಾರ್ಡೇಲಿಯಾದ ಎಂಪ್ರೆಸ್ 1990ರಲ್ಲಿ ಯಾನ ಶುರುಮಾಡಿದ ಸಣ್ಣ ಹಡಗು. ಅದರಲ್ಲಿ ಸೂಟ್ ತಗೊಂಡರೆ ಅದು ಬಹುಮಟ್ಟಿಗೆ ಕೋಣೆಗಾಗಿಯೇ. ಜೈನ ಊಟ, ಭಾರತೀಯ ಊಟ ಹೇಗೂ ಎಲ್ಲರಿಗೂ ಸಿಗುತ್ತದೆ.

ಈಗ ಲೌಂಜ್ ಒಳಗೆ ಬನ್ನಿ. ಬಾಗಿಲಿಗೆ ಕೋಣೆಯ ಕಾರ್ಡು ಮುಟ್ಟಿಸಬೇಕು. ಒಳಗೆ ನಲವತ್ತೈವತ್ತು ಕುರ್ಚಿ, ಒಂದು ಕಾಫಿ ಯಂತ್ರ, ಮೂಲೆಯಲ್ಲಿ ಕನ್ಸಿಯರ್ಜ್ ಮೇಜು. ಬೆಳಿಗ್ಗೆ ಕ್ರೊಸಾಂಟ್, ಹಣ್ಣು, ಮೊಸರು. ಸಂಜೆ ಸುಮಾರು 5ರಿಂದ 8ರ ತನಕ ಬಿಟ್ಟಿ ಪಾನೀಯ, ತಿಂಡಿ. ಲೌಂಜ್‌ಗೆ ಇರುವ ಬೆಲೆಯೆಲ್ಲ ಈ ಮೂರು ಗಂಟೆಯಲ್ಲಿದೆ. ವೈನ್, ವಿಸ್ಕಿ ತಗೊಳ್ಳುವವರಿಗೆ ಇದು ಹಬ್ಬ. ತಗೊಳ್ಳದವರಿಗೆ ನಿಂಬೆ ಸೋಡಾ ಮತ್ತು ಚೀಸ್ ತುಂಡು. ತಟ್ಟೆಗಳ ಸಾಲನ್ನು ಹತ್ತಿರದಿಂದ ನೋಡಿ: ಚೀಸ್, ಅದರ ಪಕ್ಕಕ್ಕೇ ತೆಳ್ಳಗೆ ಹೆಚ್ಚಿದ ಹಂದಿಮಾಂಸದ ಸಲಾಮಿ, ಆಮೇಲೆ ಬ್ರೆಡ್ಡಿನ ಮೇಲೆ ಹೊಗೆಯಾಡಿಸಿದ ಮೀನು, ಕೊನೆಗೊಂದು ಬಿಸಿ ತಿಂಡಿ. ಇಕ್ಕಳ ಎರಡಿದ್ದರೂ ಅರ್ಧ ಗಂಟೆಯಲ್ಲಿ ಒಂದು ಇನ್ನೊಂದರ ತಟ್ಟೆಗೆ ಹೋಗಿರುತ್ತದೆ. ಮಡಿ-ಮೈಲಿಗೆ ಇಲ್ಲದವರಿಗೂ ಇದು ಕಸಿವಿಸಿಯೇ. ಪರಿಹಾರ ಸುಲಭ: ಅಲ್ಲಿ ನಿಂತ ಪರಿಚಾರಕರಿಗೆ ಹೇಳಿದರೆ ಒಳಗಿನ ಅಡುಗೆಮನೆಯಿಂದ ಬೇರೆ ತಟ್ಟೆ ತಂದುಕೊಡುತ್ತಾರೆ. ಆದರೆ 5 ಗಂಟೆಗೆ ಮುಂಚೆಯೇ ಹೇಳಬೇಕು. ಜನ ತುಂಬಿದ ಮೇಲೆ ಅವರಿಗೂ ಕೈ ಬಿಡುವಿರುವುದಿಲ್ಲ.

ಜನ ತುಂಬುವುದು ನಿಜ. ರಾಯಲ್ ಕೆರಿಬಿಯನ್‌ನಲ್ಲಿ ಸೂಟ್ ಇಲ್ಲದಿದ್ದರೂ, ಮತ್ತೆ ಮತ್ತೆ ಪ್ರಯಾಣಿಸಿ 700 ಪಾಯಿಂಟ್ ಗಳಿಸಿದ ಪಿನಕಲ್ ಸದಸ್ಯರಿಗೆ ಸೂಟ್ ಲೌಂಜ್ ಪ್ರವೇಶ ಇದೆ. ಅವರು ಹಳೇ ಗಿರಾಕಿಗಳು, ಒಳ್ಳೆ ಜಾಗ ಯಾವುದು ಎಂದು ಅವರಿಗೆ ಗೊತ್ತು. ಇನ್ನೊಂದು ಮಾತು: ಇಂಥ ಲೌಂಜುಗಳು ಬಹುಪಾಲು ಮೇಲಿನ ಡೆಕ್‌ಗಳಲ್ಲಿ, ಕೆಲವು ಹಡಗಿನ ಮೂತಿಯ ಕಡೆಗೆ ಇರುತ್ತವೆ. ನೋಟ ಚೆಂದ, ಆದರೆ ತೂಗಾಟ ಜಾಸ್ತಿ ಗೊತ್ತಾಗುವುದೂ ಅಲ್ಲೇ. ಹಡಗು ನಡುವಿನಲ್ಲಿ, ಕೆಳಗೆ ಕಡಿಮೆ ಅಲುಗುತ್ತದೆ. ಮೇಲೆ ಹೋದಷ್ಟೂ, ತುದಿಗೆ ಹೋದಷ್ಟೂ ಹೆಚ್ಚು. ಬಸ್ಸಿನ ಹಿಂದಿನ ಸೀಟಿನಲ್ಲೇ ತಲೆ ತಿರುಗುವ ಹಿರಿಯರಿದ್ದರೆ ಮೂತಿಯ ಕಡೆಯ ಮೇಲಂತಸ್ತಿನ ಸೂಟ್‌ಗಿಂತ ನಡುವಿನ ಬಾಲ್ಕನಿಯೇ ಮೇಲು.

ಊಟದ ವಿಷಯದಲ್ಲಿ ಒಂದು ತಮಾಷೆ ಇದೆ. ಹೆಚ್ಚು ದುಡ್ಡು ಕೊಟ್ಟವರ ರೆಸ್ಟೋರೆಂಟಿನಲ್ಲೇ ನಮ್ಮ ಸಸ್ಯಾಹಾರಿಗೆ ಆಯ್ಕೆ ಕಡಿಮೆ. ಕೋಸ್ಟಲ್ ಕಿಚನ್‌ನದು ಮೆಡಿಟರೇನಿಯನ್, ಕ್ಯಾಲಿಫೋರ್ನಿಯಾ ಶೈಲಿ. ಮೆನು ಒಂದೇ ಹಾಳೆ. ಅದೇ ಹಡಗಿನ ಬುಫೆಯಲ್ಲಿ ಅನ್ನ, ಬೇಳೆ, ಪಲ್ಯದಂಥದ್ದು ಕಣ್ಣಿಗೆ ಬೀಳುತ್ತದೆ, ದೊಡ್ಡ ಊಟದ ಹಾಲ್‌ನಲ್ಲಿ ಕೇಳಿದರೆ ಭಾರತೀಯ ಸಸ್ಯಾಹಾರ ಸಿಗುತ್ತದೆ. ಸೂಟ್ ರೆಸ್ಟೋರೆಂಟಿನ ಮುಖ್ಯ ಪರಿಚಾರಕರಿಗೆ ಹಿಂದಿನ ರಾತ್ರಿಯೇ ಹೇಳಿಟ್ಟರೆ ದೊಡ್ಡ ಅಡುಗೆಮನೆಯಿಂದ ಅದನ್ನು ಇಲ್ಲಿಗೇ ತರಿಸಿಕೊಡುತ್ತಾರೆ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಮೊಟ್ಟೆ ಬರುತ್ತದೆ. ತರಕಾರಿ ಸೂಪಿಗೆ ಚಿಕನ್ ಬೇಯಿಸಿದ ನೀರು, ಥಾಯ್ ಪಲ್ಯಕ್ಕೆ ಮೀನಿನ ಸಾಸ್, ಮಲಯ ಅಡುಗೆಗೆ ಸೀಗಡಿ ಪೇಸ್ಟ್, ಮೂಸ್‌ಗೆ ಜೆಲಟಿನ್, ಪಾರ್ಮೇಸಾನ್ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್. ಹೀಗೆ ಬಿಡಿಬಿಡಿಯಾಗಿ ಹೆಸರು ಹೇಳಿ ಬೇಡ ಅನ್ನಬೇಕು. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರು ಪ್ರಯಾಣಕ್ಕೆ ಒಂದೂವರೆ ತಿಂಗಳು ಮೊದಲೇ ಬರೆದು ತಿಳಿಸುವುದು ಒಳ್ಳೆಯದು.

ಕನ್ಸಿಯರ್ಜ್ ಅಂದರೆ ಮದುವೆಮನೆಯ ಸೋದರಮಾವ ಇದ್ದಂತೆ. ಸ್ವತಃ ಅಡುಗೆ ಮಾಡುವುದಿಲ್ಲ, ಬಡಿಸುವುದಿಲ್ಲ. ಯಾರಿಗೆ ಹೇಳಿದರೆ ಕೆಲಸ ಆಗುತ್ತದೆ ಎಂದು ಬಲ್ಲವರು. ಬಟ್ಲರ್ ಬೇರೆ: ಅವರು ಕೋಣೆಯ ಒಳಗಿನವರು. ಬಟ್ಟೆ ಇಸ್ತ್ರಿ, ಕಾಫಿ, ಕುದಿಸಿದ ನೀರು ಅವರಿಗೆ ಹೇಳಬೇಕು. ಕೋಣೆಗೆ ಬಿಸಿನೀರು ಬೇಕೆಂದು ಕನ್ಸಿಯರ್ಜ್ ಮೇಜಿನ ಮುಂದೆ ಸಾಲು ನಿಲ್ಲುವವರನ್ನು ನೋಡಿದರೆ ಪಾಪ ಅನಿಸುತ್ತದೆ. ಕನ್ಸಿಯರ್ಜ್‌ಗೆ ಹೇಳಬೇಕಾದದ್ದು ಪ್ರದರ್ಶನಗಳ ಸೀಟು, ವಿಶೇಷ ರೆಸ್ಟೋರೆಂಟಿನ ಮೇಜು, ಬಂದರಿನ ಪ್ರವಾಸ, ಗಾಲಿಕುರ್ಚಿ, ಬಿಲ್ಲಿನ ತಕರಾರು.

ಕೆಲಸ ಹಚ್ಚುವ ಬಗೆ ಹೀಗೆ. ಹಡಗು ಹೊರಡುವ ಎರಡರಿಂದ ನಾಲ್ಕು ವಾರ ಮೊದಲು ಬಹಳಷ್ಟು ಕಂಪನಿಗಳಲ್ಲಿ ಕನ್ಸಿಯರ್ಜ್ ಕಡೆಯಿಂದ ಒಂದು ಈಮೇಲ್ ಬರುತ್ತದೆ. ನಮ್ಮ ಕಡೆಯವರಿಗೆ ಅದು ಬರುವುದೇ ಇಲ್ಲ. ಕಾರಣ, ಬುಕಿಂಗ್‌ನಲ್ಲಿ ಏಜೆಂಟರು ತಮ್ಮ ಈಮೇಲು, ತಮ್ಮ ಮೊಬೈಲು ಹಾಕಿರುತ್ತಾರೆ. ಪತ್ರ ಅವರ ಇನ್‌ಬಾಕ್ಸ್‌ನಲ್ಲಿ ನೂರರ ನಡುವೆ ಒಂದಾಗಿ ಕೊಳೆಯುತ್ತದೆ. ಬುಕಿಂಗ್ ನಂಬರ್ ಕೈಗೆ ಬಂದ ದಿನವೇ ಹಡಗಿನ ಆ್ಯಪ್‌ಗೆ ಹೋಗಿ ನಿಮ್ಮ ಈಮೇಲ್ ಹಾಕಿ. ಉತ್ತರ ಬರೆಯುವಾಗ ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆಯಿರಿ: ಬುಕಿಂಗ್ ನಂಬರು, ಹೆಸರುಗಳು, ಜತೆಗಿರುವ ಬೇರೆ ಕೋಣೆಗಳ ನಂಬರು, ಊಟದ ಪಟ್ಟಿ, ಯಾವ ರಾತ್ರಿ ಯಾವ ಪ್ರದರ್ಶನ, ಎಷ್ಟು ಜನ. ಐದು ಪತ್ರ ಬರೆದರೆ ಮೂರನೆಯದು ಕಳೆದುಹೋಗುತ್ತದೆ.

ಹತ್ತುವ ದಿನ ಟರ್ಮಿನಲ್‌ನಲ್ಲಿ ಸೂಟ್‌ನವರಿಗೆ ಬೇರೆ ಸಾಲು. ಇಲ್ಲಿ ಉಳಿಯುವ ಗಂಟೆಯೇ ಇಡೀ ಪ್ಯಾಕೇಜಿನ ಒಳ್ಳೆಯ ಭಾಗ, ಅದರಲ್ಲೂ ಮೊಣಕಾಲು ನೋವಿನ ಅಜ್ಜಿ ಜತೆಗಿದ್ದರೆ. ದೊಡ್ಡ ಪೆಟ್ಟಿಗೆಗಳು ಹಮಾಲರ ಕೈಗೆ ಹೋಗಿ ಕೋಣೆಗೆ ತಲುಪಲು ಸಂಜೆ ಆಗಬಹುದು. ಮಾತ್ರೆ, ಪಾಸ್‌ಪೋರ್ಟ್, ಒಂದು ಜತೆ ಬಟ್ಟೆ ಕೈಚೀಲದಲ್ಲಿರಲಿ. ಮಧ್ಯಾಹ್ನ 1ರಿಂದ 4ರ ತನಕ ಕನ್ಸಿಯರ್ಜ್ ಮೇಜಿನ ಮುಂದೆ ಜಾತ್ರೆ. ಹಡಗು ಬಂದರು ಬಿಡುವಾಗ ಎಲ್ಲರೂ ಫೋಟೋಗೆ ಮೇಲೆ ಓಡುತ್ತಾರೆ. ಆಗ ಹೋದರೆ ಮೇಜು ಖಾಲಿ. ಪ್ರದರ್ಶನದಲ್ಲಿ ಸೂಟ್‌ನವರಿಗೆ ಕಾದಿಟ್ಟ ಸೀಟುಗಳನ್ನು ಶುರುವಾಗುವ ಹತ್ತು-ಹದಿನೈದು ನಿಮಿಷ ಮೊದಲು ಎಲ್ಲರಿಗೂ ಬಿಟ್ಟುಬಿಡುತ್ತಾರೆ. "ನಮ್ಮದು ರಿಸರ್ವ್ ಐತೆ" ಎಂದು ಆರಾಮಾಗಿ ಬಂದವರು ಹಿಂದೆ ನಿಲ್ಲಬೇಕು. ಫುಕೆಟ್‌ನ ಪಟಾಂಗ್‌ನಂತೆ ದೊಡ್ಡ ಹಡಗು ದೂರ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಇಳಿಸುವ ಕಡೆ ಕನ್ಸಿಯರ್ಜ್ ಬೆಲೆ ಗೊತ್ತಾಗುತ್ತದೆ: ಲೌಂಜ್‌ನಿಂದ ನೇರ ದೋಣಿಗೆ ಕರೆದೊಯ್ಯುತ್ತಾರೆ. ಪೋರ್ಟ್ ಕ್ಲಾಂಗ್‌ನಲ್ಲಿ ಹಡಗು ದಡಕ್ಕೇ ತಾಗುವುದರಿಂದ ಈ ಅನುಕೂಲಕ್ಕೆ ಅರ್ಥವಿಲ್ಲ. ಅಲ್ಲಿಂದ ಕ್ವಾಲಾಲಂಪುರಕ್ಕೆ ರಸ್ತೆಯಲ್ಲಿ ಗಂಟೆಯ ಮೇಲೆ ಬೇಕು ಅನ್ನುವುದೇ ನೆನಪಿಡಬೇಕಾದ್ದು.

ಕೂಡುಕುಟುಂಬದವರು ಮಾಡುವ ದುಬಾರಿ ತಪ್ಪೊಂದಿದೆ. ಹತ್ತು ಜನ ಹೋಗುವಾಗ ಅಪ್ಪ-ಅಮ್ಮನಿಗೆ ಒಂದು ಸೂಟ್, ಉಳಿದವರಿಗೆ ಒಳಕೋಣೆ ಹಿಡಿಯುತ್ತಾರೆ. ಸಂಜೆ ಎಲ್ಲರೂ ಲೌಂಜ್‌ನಲ್ಲಿ ಕೂರಬಹುದು ಎಂಬ ಲೆಕ್ಕ. ಆ ಸೂಟ್‌ನಲ್ಲಿ ಹೆಸರಿರುವವರಿಗೆ ಮಾತ್ರ ಪ್ರವೇಶ. ಮಗ-ಸೊಸೆ ಬಾಗಿಲಾಚೆ. ಕೊನೆಗೆ ಹಿರಿಯರೂ "ನಾವಿಬ್ರೇ ಅಲ್ಲೇನ್ ಮಾಡಾದು" ಎಂದು ಬುಫೆಗೇ ಬರುತ್ತಾರೆ, ಲೌಂಜ್ ದಂಡ. ಇದಕ್ಕಿಂತ ಸೋಫಾ ಹಾಸಿಗೆ ಇರುವ ಸೂಟ್‌ನಲ್ಲಿ ನಾಲ್ವರು ಇರುವುದು ಜಾಣತನ: ಮೂರನೆಯ, ನಾಲ್ಕನೆಯ ಹೆಸರಿಗೆ ಟಿಕೆಟ್ ದರ ಸಾಮಾನ್ಯವಾಗಿ ಕಡಿಮೆ, ಸವಲತ್ತು ಮಾತ್ರ ಅಷ್ಟೇ.

ದುಡ್ಡಿನ ಲೆಕ್ಕ ಹಾಕುವ ರೀತಿ ನೋಡಿ. ಉದಾಹರಣೆಗೆ ನಾಲ್ಕು ರಾತ್ರಿಗೆ ಇಬ್ಬರ ಬಾಲ್ಕನಿ 1,20,000, ಸೂಟ್ 2,60,000 ಎಂದಿಟ್ಟುಕೊಳ್ಳೋಣ. ಅಂತರ 1,40,000, ಅಂದರೆ ರಾತ್ರಿಗೆ 35,000. ಇದರಿಂದ ನೀವು ಹೇಗೂ ಕೊಳ್ಳುತ್ತಿದ್ದುದನ್ನು ಮಾತ್ರ ಕಳೆಯಿರಿ. ಎರಡು ಫೋನಿಗೆ ಇಂಟರ್ನೆಟ್ ದಿನಕ್ಕೆ ತಲಾ 20 ಡಾಲರ್‌ನಂತೆ ಹಿಡಿದರೆ ಸುಮಾರು 14,000 ರೂಪಾಯಿ. ಕಾಫಿ, ಸೋಡಾ ಇನ್ನಷ್ಟು. ಕುಡಿಯುವವರು ಸಂಜೆಯ ಪಾನೀಯವನ್ನೂ ಕಳೆಯಬಹುದು. ಕುಡಿಯದವರು ಕಳೆದರೆ ಅದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಉಳಿದ ಲಕ್ಷದ ಮೇಲಿನ ಮೊತ್ತ ದೊಡ್ಡ ಕೋಣೆಗೆ ಮತ್ತು ಸಾಲು ತಪ್ಪಿಸಿದ್ದಕ್ಕೆ. ನಾಲ್ಕೇ ರಾತ್ರಿಗೆ ಅದು ಜಾಸ್ತಿ ಅನ್ನುವುದು ನಮ್ಮ ಎಣಿಕೆ. ಏಳು ರಾತ್ರಿ, ಎರಡು ಮೂರು ದೋಣಿ ಬಂದರು, ಜತೆಗೆ ಹಿರಿಯರು ಇದ್ದರೆ ಮಾತು ಬೇರೆ. ಬಹಳ ಕಂಪನಿಗಳಲ್ಲಿ ಸೂಟ್‌ನವರ ದಿನದ ಟಿಪ್ಸ್ ದರವೇ ಹೆಚ್ಚು, ಅದನ್ನೂ ಕೂಡಿಸಿ. ಪ್ಯಾಕೇಜಿನ ಮೇಲೆ ಏಜೆಂಟರು ಹಿಡಿಯುವ ಟಿಸಿಎಸ್ (ಮುಂಗಡವಾಗಿ ವಸೂಲಾಗುವ ಆದಾಯ ತೆರಿಗೆ) ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಜಾಲತಾಣದ ತೆರಿಗೆ ಜಮೆ ಪಟ್ಟಿಯಲ್ಲಿ ನೋಡಿ. ರಿಟರ್ನ್ ಹಾಕುವಾಗ ಅದು ಹೊಂದಾಣಿಕೆ ಆಗುತ್ತದೆ. ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ. ಮುಂಗಡವಾಗಿ ತಡೆಹಿಡಿದ ಹಣ ಊರಿಗೆ ಬಂದ ಮೇಲೂ ಕೆಲವು ದಿನ ಸಿಕ್ಕಿಕೊಂಡಿರುತ್ತದೆ.

ಸೂಟ್ ಇರಲಿ, ಒಳಕೋಣೆ ಇರಲಿ, ರೈಸ್ ಕುಕ್ಕರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ತಪಾಸಣೆಯಲ್ಲೇ ಎತ್ತಿಟ್ಟುಕೊಳ್ಳುತ್ತಾರೆ. ಇದರಲ್ಲಿ ಕನ್ಸಿಯರ್ಜ್ ಮಾತು ನಡೆಯುವುದಿಲ್ಲ. ಸೀಲ್ ಮಾಡಿದ ಚಟ್ನಿಪುಡಿ, ಚಕ್ಕುಲಿ ಸಾಮಾನ್ಯವಾಗಿ ಹೋಗುತ್ತವೆ. ಗುಟ್ಕಾ, ಜಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ. ಗಸಗಸೆ ಹಾಕಿದ ಉಂಡೆಯನ್ನೂ ಮನೆಯಲ್ಲೇ ಬಿಡಿ. ಔಪಚಾರಿಕ ರಾತ್ರಿಗೆ ಸೂಟು-ಬೂಟು ಹೊಲಿಸುವ ಖರ್ಚು ಬೇಡ, ರೇಷ್ಮೆ ಪಂಚೆ, ಇಳಕಲ್ ಸೀರೆ ಧಾರಾಳವಾಗಿ ನಡೆಯುತ್ತವೆ.

ಇಳಿಯುವ ಬೆಳಿಗ್ಗೆ ಸೂಟ್‌ನವರು ಲೌಂಜ್‌ನಲ್ಲಿ ಸೇರುತ್ತಾರೆ, ಕನ್ಸಿಯರ್ಜ್ ತಂಡವಾಗಿ ಕರೆದುಕೊಂಡು ಹೋಗುತ್ತಾರೆ. ಬಿಲ್ ನೋಡಬೇಕಾದ್ದು ಆ ಹೊತ್ತಿನಲ್ಲಲ್ಲ, ಹಿಂದಿನ ರಾತ್ರಿ 9ರೊಳಗೆ. ಬೆಳಿಗ್ಗೆ ಎದ್ದ ತಕರಾರಿಗೆ ಯಾರಿಗೂ ಸಮಯವಿಲ್ಲ. ಬೆಂಗಳೂರಿನ ವಿಮಾನ ಮಧ್ಯಾಹ್ನದ ನಂತರದ್ದಿರಲಿ. ಅಲ್ಲಿಂದ ದಾವಣಗೆರೆಗೆ ಇನ್ನೂ 260 ಕಿಲೋಮೀಟರ್ ಇದೆ, ಆ ದಾರಿಗೆ ಕಾರು ಗೊತ್ತುಮಾಡುವ ಕನ್ಸಿಯರ್ಜ್ ನೀವೇ.